ಮಳೆಗಾಲದಲ್ಲಿ ದೊಡ್ಡ ಫೈಲ್ ಕಳುಹಿಸುವುದಕ್ಕೆ ಒಂದು ಸಲಹೆ

ತೋಟದ ಡ್ರೋನ್ ವಿಡಿಯೊ, ಸರ್ವೆ ನಕ್ಷೆಗಳಂತಹ ದೊಡ್ಡ ಫೈಲನ್ನು ಸಹೋದ್ಯೋಗಿಗಳಿಗೆ ಕಳುಹಿಸುವ ಮೊದಲು, ಉಚಿತವಾಗಿ ಸಿಗುವ ಸೆವೆನ್‌ಜಿಪ್ ತಂತ್ರಾಂಶದಲ್ಲಿ ಅದನ್ನು 100 ಎಂಬಿಯ ತುಂಡುಗಳಾಗಿ ವಿಭಜಿಸಿ, ಎಲ್ಲವನ್ನೂ ಗೂಗಲ್ ಡ್ರೈವ್‌ನ ಒಂದೇ ಫೋಲ್ಡರಿಗೆ ಏರಿಸಿ, ಆ ಫೋಲ್ಡರಿನ ಲಿಂಕನ್ನು ಹಂಚಿಕೊಳ್ಳಿ. ಆಷಾಢದ ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋಗುವ ನಮ್ಮ ಕೊಡಗಿನಲ್ಲಿ ಸಂಪರ್ಕ ನಡುವೆ ಕಡಿದರೂ ಆಗ ಹೋಗುತ್ತಿದ್ದ ತುಂಡನ್ನಷ್ಟೇ ಮತ್ತೆ ಏರಿಸಿದರೆ ಸಾಕಾಗುತ್ತದೆ. 2 ಜಿಬಿಯ ಫೈಲನ್ನು ಮೊದಲಿನಿಂದ ಕಳುಹಿಸುವ ಸಂಕಟ ತಪ್ಪುತ್ತದೆ. ಜಿಮೇಲ್ ಲಗತ್ತಿಗೆ 25 ಎಂಬಿಯ ಮಿತಿಯಿರುವುದರಿಂದ ಆ ದಾರಿ ಇಲ್ಲಿ ಉಪಯೋಗಕ್ಕೆ ಬಾರದು. ಪಡೆದವರು ಎಲ್ಲ ತುಂಡುಗಳನ್ನೂ ಹೆಸರು ಬದಲಿಸದೆ ಒಂದೇ ಕಡೆ ಇಳಿಸಿಕೊಂಡು, .001 ಎಂದು ಕೊನೆಗೊಳ್ಳುವ ಮೊದಲ ತುಂಡನ್ನು ಸೆವೆನ್‌ಜಿಪ್‌ನಲ್ಲೇ ತೆರೆಯಬೇಕು. ಒಂದೇ ಒಂದು ತುಂಡು ತಪ್ಪಿಹೋದರೂ ಫೈಲ್ ಸರಿಯಾಗಿ ತೆರೆಯುವುದಿಲ್ಲ. ಮೊಬೈಲಿನಲ್ಲೇ ಕೆಲಸ ಮಾಡುವವರಿಗಂತೂ ಈ ಕ್ರಮ ಹೊಂದುವುದಿಲ್ಲ. ವಿಡಿಯೊದ ಗಾತ್ರ ಇದರಿಂದ ಕುಗ್ಗುತ್ತದೆಂದು ಮಾತ್ರ ನಿರೀಕ್ಷಿಸಬೇಡಿ.