ಸೋಕೋಬಾನ್ ಲೆವೆಲ್‌ಗಳನ್ನು ತರಗತಿಗೆ ಆರಿಸಿಕೊಂಡ ಬಗೆ: ನನ್ನ ಅನುಭವ

ದಾವಣಗೆರೆಯಲ್ಲಿ ಎಂಟನೇ ತರಗತಿ ಮಕ್ಕಳಿಗೆ ನಡೆಸುವ ಯೋಚನೆಯ ಅಭ್ಯಾಸಕ್ಕೆ ನಾನು ಸೋಕೋಬಾನ್ ಬಳಸುತ್ತೇನೆ. ಜಪಾನಿನ ಹಿರೋಯುಕಿ ಇಮಾಬಯಾಶಿ 1981ರಲ್ಲಿ ರೂಪಿಸಿದ ಕಂಪ್ಯೂಟರ್ ಆಟ; ಹೆಸರಿನ ಅರ್ಥ ಗೋದಾಮು ನೋಡಿಕೊಳ್ಳುವವ. ಚೌಕ ಮನೆಗಳ ಗೋದಾಮಿನಲ್ಲಿ ಒಬ್ಬ ಆಳನ್ನು ನಡೆಸುತ್ತಾ ಪೆಟ್ಟಿಗೆಗಳನ್ನು ಗುರುತಿನ ಮನೆಗೆ ಸೇರಿಸಬೇಕು; ಇಂಥ ಒಂದೊಂದು ಗೋದಾಮಿನ ನಕ್ಷೆಯೂ ಒಂದು ಲೆವೆಲ್. ತಳ್ಳಬಹುದು, ಎಳೆಯುವಂತಿಲ್ಲ. ಒಂದು ಸಲಕ್ಕೆ ಒಂದೇ ಪೆಟ್ಟಿಗೆ, ಓರೆ ನಡಿಗೆ ಇಲ್ಲ. ಎಪಿಎಂಸಿ ಗೋದಾಮಿನಲ್ಲಿ ಮೆಕ್ಕೆಜೋಳದ ಚೀಲ ಒಟ್ಟುವುದನ್ನು ಕಂಡ ಮಕ್ಕಳಿಗೆ, ಬಾಗಿಲಿಗೆ ಅಡ್ಡ ಇಟ್ಟರೆ ಒಳಗಿನದು ಹೊರಗೆ ಬಾರದು ಎಂದು ಬಿಡಿಸಿ ಹೇಳಬೇಕಿಲ್ಲ.

ನಿಯಮ ಹೇಳಲು ಐದು ನಿಮಿಷ ಸಾಕು. ಯಾವ ಲೆವೆಲ್ ಕೊಡಬೇಕು ಎನ್ನುವುದೇ ನಿಜವಾದ ಕೆಲಸ. 90 ಲೆವೆಲ್‌ಗಳಿರುವ ಎಕ್ಸ್‌ಸೋಕೋಬಾನ್ ಸಂಗ್ರಹದ ಮೊದಲನೆಯದರಲ್ಲೇ 6 ಪೆಟ್ಟಿಗೆಗಳಿವೆ, ಕಡಿಮೆ ಎಂದರೂ 97 ಸಲ ತಳ್ಳಬೇಕು. 40 ನಿಮಿಷದ ಪೀರಿಯಡ್ಡಿಗೆ ಅದು ಹೊಂದುವುದಿಲ್ಲ. ಹಾಗೆಂದು ಕಡಿಮೆ ತಳ್ಳಿದರೆ ಸುಲಭ ಎಂದು ಎಣಿಸಿದರೂ ಮೋಸ ಹೋಗುತ್ತೇವೆ. ನಾನು ನೋಡುವುದು ಒಂದನ್ನೇ: ತಪ್ಪು ಆದದ್ದು ಎಲ್ಲಿ, ಮಗುವಿಗೆ ಅದು ಗೊತ್ತಾಗುವುದು ಎಲ್ಲಿ? ಈ ಎರಡರ ನಡುವೆ ಮೊದಲ ಲೆವೆಲ್‌ಗಳಲ್ಲಿ ಒಂದೆರಡು ಹೆಜ್ಜೆ ಮಾತ್ರ ಇರಬೇಕು. ಮುಂದೆ ಹೋದಂತೆ ಅಂತರ ಬೆಳೆಯಬೇಕು. ಇದನ್ನು ಅಳೆಯಲು ಉತ್ತರ ನೋಡದೆ ಪ್ರತಿ ಲೆವೆಲನ್ನೂ ನಾನೇ ಬಿಡಿಸುತ್ತೇನೆ, ಎಡವಿದ ಜಾಗವನ್ನೆಲ್ಲ ಗುರುತು ಹಾಕಿಕೊಳ್ಳುತ್ತೇನೆ.

ಒಂದು ಪೀರಿಯಡ್ಡಿಗೆ ನಾಲ್ಕೇ ಲೆವೆಲ್. ಮೊದಲ ಮೂರನ್ನು ನಾನೇ ಬರೆದುಕೊಳ್ಳುತ್ತೇನೆ, ಒಂದೊಂದರಲ್ಲೂ ಒಂದೇ ಪೆಟ್ಟಿಗೆ: ಸುತ್ತಿ ಬಂದು ಹಿಂದಿನಿಂದ ತಳ್ಳುವುದು, ಮೂಲೆಗೆ ಹೋದದ್ದು ಮತ್ತೆ ಬಾರದು, ಗೋಡೆಗೆ ಒತ್ತಿದ್ದು ಆ ಗೋಡೆಯುದ್ದಕ್ಕಷ್ಟೇ ಸರಿಯುತ್ತದೆ. ನಾಲ್ಕನೆಯದಕ್ಕೆ ಡೇವಿಡ್ ಸ್ಕಿನ್ನರ್ ಅವರ ಮೈಕ್ರೋಬಾನ್ ಸಂಗ್ರಹದ ಮೊದಲ ಲೆವೆಲ್.

ಅದನ್ನು ಹೀಗೆ ಬರೆದುಕೊಳ್ಳಿ. ಮೇಲಿನಿಂದ ಐದು ಸಾಲು. ಎಡಗೋಡೆಯಿಂದ ಆರಂಭಿಸಿ ಕ್ರಮವಾಗಿ 2, 2, 4, 4, 2 ಮನೆ. ಸುತ್ತ ಗೋಡೆ. ಗುರುತುಗಳು ಮೊದಲ ಸಾಲಿನ 2ನೇ ಮನೆ ಮತ್ತು ಮೂರನೇ ಸಾಲಿನ 1ನೇ ಮನೆ. ಈ ಎರಡನೇ ಗುರುತಿನ ಮೇಲೆ ಆಗಲೇ ಒಂದು ಪೆಟ್ಟಿಗೆ ಕೂತಿದೆ. ಇನ್ನೊಂದು ಪೆಟ್ಟಿಗೆ ನಾಲ್ಕನೇ ಸಾಲಿನ 3ನೇ ಮನೆಯಲ್ಲಿ. ಆಳು ಮೂರನೇ ಸಾಲಿನ 2ನೇ ಮನೆಯಲ್ಲಿ.

‘ಒಂದು ಕೂತೇ ಬಿಟ್ಟಿದೆ ಸರ್, ಇನ್ನೊಂದೇ ಬಾಕಿ’ ಎಂದು ಮಕ್ಕಳು ಎರಡನೇ ಪೆಟ್ಟಿಗೆಯನ್ನು ಎಡಕ್ಕೆ ತಳ್ಳುತ್ತಾರೆ. ಆ ಒಂದೇ ತಳ್ಳಿಗೆ ಆಟ ಕೆಟ್ಟಿತು. ಅದರ ಕೆಳಗೆ ಹೋಗಿ ಮೇಲಕ್ಕೆ ತಳ್ಳಬೇಕು. ಹೋಗುವ ದಾರಿಯನ್ನು ಕೂತಿರುವ ಪೆಟ್ಟಿಗೆಯೇ ಮುಚ್ಚಿದೆ. ಆದರೆ ಇದು ಅರಿವಾಗುವ ಹೊತ್ತಿಗೆ ಬಹಳಷ್ಟು ಓಡಾಡಿರುತ್ತಾರೆ.

ಸರಿದಾರಿ: ಕೂತದ್ದನ್ನು ಕೆಳಗಿನಿಂದ ಒಂದು ಮನೆ ಮೇಲಕ್ಕೆ ತಳ್ಳಬೇಕು. ಆಮೇಲೆ ಎರಡನೆಯದು ಎಡಕ್ಕೆ, ಮೇಲಕ್ಕೆ, ಬಲಕ್ಕೆ ಒಂದೊಂದು ಮನೆ. ಮೊದಲನೆಯದನ್ನು ಮೇಲಿನಿಂದ ತಳ್ಳಿ ವಾಪಸ್ ಕೂರಿಸಿ, ಎರಡನೆಯದನ್ನು ಎಡಕ್ಕೆ ಒಂದು, ಮೇಲಕ್ಕೆ ಎರಡು. ಒಟ್ಟು 8 ಸಲ ತಳ್ಳಿದರೆ, 33 ಹೆಜ್ಜೆಯಲ್ಲಿ ಮುಗಿಯಿತು. ಸರಿಯಾಗಿ ಕೂತಂತೆ ಕಾಣುವುದನ್ನು ಎಬ್ಬಿಸುವ ಧೈರ್ಯ ಇದೆಯೇ ಎಂದು ಪರೀಕ್ಷಿಸಲು ಇದಕ್ಕಿಂತ ಅಚ್ಚುಕಟ್ಟಾದ ಲೆವೆಲ್ ನನಗೆ ಸಿಕ್ಕಿಲ್ಲ. ಮೈಕ್ರೋಬಾನ್ ಸಂಗ್ರಹದಲ್ಲಿ ಇದು ಒಂದನೇ ನಂಬರ್ ಎಂದು ತರಗತಿಯಲ್ಲೂ ಮೊದಲೇ ಕೊಟ್ಟರೆ ಮಕ್ಕಳು ಮೂಲೆ, ಗೋಡೆ, ಕ್ರಮ ಎಲ್ಲದಕ್ಕೂ ಒಟ್ಟಿಗೆ ಸಿಕ್ಕಿ, ಯಾವುದು ತಪ್ಪಿತು ಎಂದೇ ತಿಳಿಯದೆ ಕೈಚೆಲ್ಲುತ್ತಾರೆ.

ಮೊಬೈಲ್ ಕೊಡುವುದಿಲ್ಲ. ಅಲ್ಲಿ ಹಿಂದಕ್ಕೆ ಹೋಗುವ ಬಟನ್ ಇರುವುದರಿಂದ ಯೋಚಿಸದೆ ಒತ್ತುತ್ತಾ ಹೋಗುತ್ತಾರೆ. 2 ಸೆಂಟಿಮೀಟರ್ ಮನೆಗಳ ಹಾಳೆ, ಪೆಟ್ಟಿಗೆಗೆ ಹುಣಸೆ ಬೀಜ, ಆಳಿಗೆ ಕಡಲೆಕಾಳು ಸಾಕು. ಬಾಟಲಿ ಮುಚ್ಚಳ ಬೇಡ, ಅಡಿಯ ಗುರುತು ಮುಚ್ಚಿಹೋಗುತ್ತದೆ. ಗುಂಪಿಗೆ ಮೂವರು: ಒಬ್ಬರು ನಡೆಸುತ್ತಾರೆ, ಒಬ್ಬರು ತಳ್ಳಿದ್ದನ್ನೆಲ್ಲ ಬರೆಯುತ್ತಾರೆ, ಒಬ್ಬರು ನಿಯಮ ಕಾಯುತ್ತಾರೆ. ಮೂರನೆಯವರು ಇಲ್ಲದಿದ್ದರೆ ಗೊತ್ತಿಲ್ಲದೆಯೇ ಬೀಜವನ್ನು ಎಳೆದುಬಿಡುತ್ತಾರೆ, ಎಲ್ಲ ಗುಂಪೂ ‘ಗೆದ್ದಿರುತ್ತದೆ’. ಸಿಕ್ಕಿಕೊಂಡರೆ ಮೊದಲಿನಿಂದ ಶುರು, ಆದರೆ ಯಾವ ತಳ್ಳಿಗೆ ಕೆಟ್ಟಿತೆಂದು ಬರೆದ ಮೇಲೆ.

ಮಾರನೇ ವಾರ ಅದೇ ಲೆವೆಲನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ ಕೊಡುತ್ತೇನೆ. ಹಾಳೆಯನ್ನು ಕಿಟಕಿ ಗಾಜಿಗೆ ಹಿಡಿದು ಹಿಂಬದಿಯಿಂದ ತಿದ್ದಿದರೆ ಆಯಿತು. ಬಾಯಿಪಾಠ ಮಾಡಿದವರು ಶುರುವಿನಲ್ಲೇ ಎಡವುತ್ತಾರೆ. ಅರ್ಥವಾದವರ ಕೈ ನೇರ ಕೂತಿರುವ ಪೆಟ್ಟಿಗೆಯ ಕಡೆಗೆ ಹೋಗುತ್ತದೆ.