ಎರಡು ಆಸನದ ಹಳೆಯ ಎಂಜಿಬಿ ಕಾರಿನಲ್ಲಿ ರೇಷ್ಮೆಗೂಡಿನ ಮೂಟೆಗಳನ್ನು ಸಾಗಿಸುವ ಬಗೆ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೊರಡಬೇಕಾದ ಬೆಳಿಗ್ಗೆ ಗೊತ್ತುಮಾಡಿದ್ದ ಟೆಂಪೊ ಕೈಕೊಟ್ಟಾಗ ನಮ್ಮ ಮನೆಯಲ್ಲಿದ್ದ ವಾಹನ ಮೇಲ್ಛಾವಣಿ ಮಡಚಬಹುದಾದ ಹಳೆಯ ಎಂಜಿಬಿ ರೋಡ್‌ಸ್ಟರ್ ಒಂದೇ. 1962ರಿಂದ 1980ರವರೆಗೆ ಇಂಗ್ಲೆಂಡಿನಲ್ಲಿ ತಯಾರಾದ, 1798 ಸಿಸಿ ಎಂಜಿನ್ನಿನ ಈ ಪುಟ್ಟ ಕಾರು ರೇಷ್ಮೆಗೂಡನ್ನು ಚೆನ್ನಾಗಿಯೇ ಹೊತ್ತಿತು, ಏಕೆಂದರೆ ಗೂಡು ಜಾಗವನ್ನು ನುಂಗುತ್ತದೆಯೇ ಹೊರತು ಹೆಚ್ಚು ಭಾರವಿರುವುದಿಲ್ಲ. ಗಾತ್ರವನ್ನು ಟೇಪಿನಿಂದ, ತೂಕವನ್ನು ತಕ್ಕಡಿಯಿಂದ ಬೇರೆ ಬೇರೆಯಾಗಿ ಅಳೆಯದೆ ಇಂಥ ಕಾರಿಗೆ ಏನನ್ನೂ ಹೇರಬಾರದು.

ಜಾಗ ಬೇಕೆಂದರೆ ಮೊದಲು ಪಕ್ಕದ ಆಸನವನ್ನು ಕಳಚಬೇಕು. ಅದು ನಾಲ್ಕು ಬೋಲ್ಟುಗಳ ಮೇಲೆ ನಿಂತಿರುತ್ತದೆ. ಆಸನ ಜಾರುವ ಹಳಿಗಳ ಕೆಳಗೆ ಮರದ ಪಟ್ಟಿಗಳಿರುತ್ತವೆ, ಅವನ್ನು ಎಡ ಬಲ ಗುರುತು ಹಾಕಿ ಬೋಲ್ಟುಗಳ ಜೊತೆಯಲ್ಲೇ ಒಂದು ಚೀಲದಲ್ಲಿ ಕಟ್ಟಿಡಿ. ಹೀಗೆ ತೆರವಾದ ನೆಲವೇ ಭಾರದ ವಸ್ತುವಿಗೆ ಸರಿಯಾದ ಜಾಗ, ಏಕೆಂದರೆ ಅಲ್ಲಿ ಭಾರ ಎರಡು ಅಚ್ಚುಗಳ ನಡುವೆ, ನೆಲಕ್ಕೆ ಹತ್ತಿರದಲ್ಲಿ ಕೂರುತ್ತದೆ. ಆಸನಗಳ ಹಿಂದಿನ ಕಾರ್ಪೆಟ್ಟಿನ ಕೆಳಗೆ ಬ್ಯಾಟರಿ ಇರುವುದರಿಂದ ಅಲ್ಲಿ ಸುಲಭವಾಗಿ ಎತ್ತಬಹುದಾದ ಮೂಟೆಯನ್ನಷ್ಟೇ ಇಡಬೇಕು. ಡಿಕ್ಕಿಯಲ್ಲಿ ಸ್ಟೆಪ್ನಿ ಅಡ್ಡಲಾಗಿ ಮಲಗಿರುತ್ತದೆ, ಪೆಟ್ರೋಲ್ ಟ್ಯಾಂಕು ಅದರ ತಳಕ್ಕೇ ಅಂಟಿಕೊಂಡಿದೆ. ಆದ್ದರಿಂದ ಹಗುರವಾದುದು ಮಾತ್ರ ಅಲ್ಲಿಗೆ. ಮುಚ್ಚಳವನ್ನು ಅರ್ಧ ತೆರೆದು ಹಗ್ಗ ಬಿಗಿದು ಓಡಿಸುವ ಆಸೆಯನ್ನು ದಯವಿಟ್ಟು ಬಿಡಿ: ಓಡುವ ಕಾರಿನ ಹಿಂದೆ ಸುಳಿಯುವ ಗಾಳಿ ಸೈಲೆನ್ಸರಿನ ಹೊಗೆಯನ್ನು ಒಳಕ್ಕೆ ಎಳೆದು ತರುತ್ತದೆ.

ಹೇರುವುದಕ್ಕೆ ಮುಂಚೆ ಹಿಂದಿನ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಅಳೆದು ಬರೆದುಕೊಳ್ಳಿ. ಹೇರಿದ ಮೇಲೆ ಮತ್ತೆ ಅಳೆಯಿರಿ, ಬಗ್ಗಿ ಅಚ್ಚಿನ ಮೇಲಿರುವ ರಬ್ಬರ್ ತಡೆಯನ್ನೂ ನೋಡಿ. ಎಂಜಿಬಿಯ ಹಿಂಭಾಗ ನಿಂತಿರುವುದು ಪಟ್ಟೆ ಸ್ಪ್ರಿಂಗುಗಳ ಮೇಲೆ. ದಶಕಗಳಿಂದ ದುಡಿದ ಪಟ್ಟೆಗಳು ಕುಸಿದಿರುತ್ತವೆ. ಅಚ್ಚಿಗೂ ರಬ್ಬರಿಗೂ ನಡುವೆ ಎರಡು ಬೆರಳು ತೂರದಿದ್ದರೆ ನಾನು ಒಂದು ಮೂಟೆಯನ್ನು ಇಳಿಸಿಬಿಡುತ್ತೇನೆ, ಮತ್ತೊಂದು ಸುತ್ತು ಬಂದರಾಯಿತು. ಟೈರಿನ ಗಾಳಿಯನ್ನು ಕೈಪಿಡಿಯಲ್ಲಿ ಪೂರ್ತಿ ಹೊರೆಗೆಂದು ಹೇಳಿರುವ ಮಟ್ಟಕ್ಕೆ ಏರಿಸಬೇಕು. ಹಿಂಭಾಗ ತಗ್ಗಿದರೆ ಹೆಡ್‌ಲೈಟು ಮೇಲಕ್ಕೆ ನೋಡುತ್ತದೆ, ನಸುಕಿನಲ್ಲಿ ಹೊರಡುವವರು ಇದನ್ನು ಸರಿಪಡಿಸಿಕೊಂಡೇ ಹೊರಡಬೇಕು.

ಗೂಡಿನ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಒಳಗೆ ಜೀವವಿರುವ ಹುಳುವಿದೆ, ಅದು ಉಸಿರಾಡುತ್ತದೆ, ತೇವ ಬಿಡುತ್ತದೆ; ಪ್ಲಾಸ್ಟಿಕ್ ಚೀಲದಲ್ಲಿ ಒತ್ತಿ ತುಂಬಿದರೆ ಗೂಡು ತೇವವಾಗಿ ಕಲೆ ಬೀಳುತ್ತದೆ, ಹುಳು ಒಡೆದರೆ ಪಕ್ಕದ ಗೂಡೂ ಕೆಡುತ್ತದೆ. ಗಾಳಿಯಾಡುವ ನೂಲಿನ ಚೀಲಗಳಲ್ಲಿ ಮುಕ್ಕಾಲು ಭಾಗ ಮಾತ್ರ ತುಂಬಿ, ಒಂದರ ಮೇಲೊಂದು ಹೇರದೆ ನಿಲ್ಲಿಸಿ, ಬಿಸಿಲೇರುವ ಮುನ್ನ ಹೊರಡಬೇಕು. ಮೇಲ್ಛಾವಣಿ ಮಡಚಿದ್ದರೆ ಗಾಳಿ ಹಿಂದಿನಿಂದ ಸುತ್ತಿ ಬಂದು ಚೀಲದ ಬಾಯನ್ನು ಬಡಿಯುತ್ತದೆ; ಆದ್ದರಿಂದ ಅಗಲವಾದ ಬಲೆಯನ್ನು ಹೊದಿಸಿ ನಾಲ್ಕೂ ಮೂಲೆಗಳಲ್ಲಿ ಬಿಗಿಯಬೇಕು. ಹಗ್ಗವನ್ನು ಬಾಗಿಲ ಹಿಡಿಗಾಗಲಿ ಕನ್ನಡಿಯ ಚೌಕಟ್ಟಿಗಾಗಲಿ ಕಟ್ಟಬಾರದು. ಸೀಟ್ ಬೆಲ್ಟಿನ ಕೊಂಡಿ ಅದಕ್ಕೆ ತಕ್ಕ ಜಾಗ. ಗೇರಿನ ಹಿಡಿಗೂ ಹ್ಯಾಂಡ್‌ಬ್ರೇಕಿಗೂ ಏನೂ ತಾಗಬಾರದು.

ಹೊರೆ ಬದಿಗೋ ಹಿಂದಕ್ಕೋ ಮಿತಿ ಮೀರಿ ಚಾಚಿದರೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಲ್ಲಿ 20,000 ರೂಪಾಯಿ ದಂಡವಿದೆ. ಬೇರೆ ದಿನ ತೊಟ್ಟಿಲು, ಕುರ್ಚಿಯಂಥವನ್ನು ಈ ಕಾರಿನಲ್ಲಿ ಸಾಗಿಸುವುದಾದರೆ ಬಿಚ್ಚಿ ತರುವುದೇ ಒಳ್ಳೆಯದು.

ದಾರಿಯಲ್ಲಿ ಊರೂರಿಗೂ ಹಂಪುಗಳಿವೆ. ಹೊರೆ ಹೊತ್ತ ಎಂಜಿಬಿಯ ಸೈಲೆನ್ಸರ್ ಕೊಳವೆ ನೆಲಕ್ಕೆ ಇನ್ನಷ್ಟು ಹತ್ತಿರವಾಗಿರುತ್ತದೆ, ಹಾಗಾಗಿ ಮೊದಲ ಗೇರಿನಲ್ಲಿ ಮೆಲ್ಲನೆ ಹತ್ತಿಸಿ, ಅಷ್ಟೇ ಮೆಲ್ಲನೆ ಇಳಿಸಬೇಕು. ಐದಾರು ಕಿಲೋಮೀಟರು ಸಾಗಿದ ಮೇಲೆ ಒಮ್ಮೆ ನಿಲ್ಲಿಸಿ ಗಂಟುಗಳನ್ನು ಮುಟ್ಟಿ ನೋಡಿ. ಮೊದಲ ಕುಲುಕಾಟಕ್ಕೆ ಚೀಲಗಳು ಕೂತುಕೊಳ್ಳುವುದರಿಂದ ಹಗ್ಗ ಖಂಡಿತ ಸಡಿಲವಾಗಿರುತ್ತದೆ. ಮಾರುಕಟ್ಟೆಯಲ್ಲಿ ಡಿಕ್ಕಿಯ ಮೂಟೆಗಳನ್ನು ಮೊದಲು ಇಳಿಸಿ, ಮನೆಗೆ ಮರಳಿದ ಮೇಲೆ ಟೈರಿನ ಗಾಳಿಯನ್ನು ಎಂದಿನ ಮಟ್ಟಕ್ಕೆ ತಂದು, ಮರದ ಪಟ್ಟಿಗಳ ಮೇಲೆ ಆಸನವನ್ನು ಮತ್ತೆ ಕೂರಿಸಿ.