ತೂಕದ ಮಾತ್ರೆ ಮತ್ತು ಕಣ್ಣಿನ ಪ್ರೆಶರ್

"ನಿನ್ನೆವರೆಗೂ ಕನ್ನಡಕದ ಗೊಡವೆ ಇರಲಿಲ್ಲ ಡಾಕ್ಟ್ರೇ. ಬೆಳಿಗ್ಗೆ ಎದ್ದು ನೋಡಿದ್ರೆ ಗೋಡೆ ಗಡಿಯಾರವೇ ಕಾಣ್ತಿಲ್ಲ" ಎನ್ನುತ್ತಾ ಆಕೆ ಕುರ್ಚಿಯಲ್ಲಿ ಕುಳಿತರು. ವಯಸ್ಸು 36, ತೂಕ 104 ಕೆಜಿ. ಹಣೆ ಸಿಡಿಯುವಂಥ ನೋವು, ಎರಡೂ ಕಣ್ಣು ಕೆಂಪು. ಆದರೆ ಮೊಬೈಲನ್ನು ಮೂಗಿನ ಹತ್ತಿರ ಹಿಡಿದರೆ ಅಕ್ಷರ ಸ್ಪಷ್ಟ.

ಕಣ್ಣಿನ ಪ್ರೆಶರ್ 44 ಬಂತು. 21ರೊಳಗೆ ಇರಬೇಕಾದದ್ದು. ಹಾಗಂತ ಮೊದಲ ಅಳತೆಯನ್ನೇ ನಾನು ನಂಬುವುದಿಲ್ಲ. ದಪ್ಪ ಮೈಯವರು ಸ್ಲಿಟ್ ಲ್ಯಾಂಪಿಗೆ (ಕಣ್ಣು ಪರೀಕ್ಷಿಸುವ ಸೂಕ್ಷ್ಮದರ್ಶಕ) ಗದ್ದ ಇಡಲು ಬಾಗುವಾಗ ಎದೆ, ಹೊಟ್ಟೆ ಒತ್ತಿ ಉಸಿರು ಬಿಗಿಹಿಡಿಯುತ್ತಾರೆ. ಅಷ್ಟಕ್ಕೇ ಪ್ರೆಶರ್ ಏರುತ್ತದೆ. ಟೇಬಲ್ ಎತ್ತರಿಸಿ, ಕುರ್ಚಿ ಮುಂದೆ ಸರಿಸಿ, "ಆರಾಮಾಗಿ ಉಸಿರಾಡಿ ಅಮ್ಮಾ" ಎಂದು ಮತ್ತೆ ನೋಡಿದೆ. ಬಲಗಣ್ಣು 38, ಎಡಗಣ್ಣು 40. ಏರಿದ್ದು ನಿಜ.

ಕಣ್ಣಿನೊಳಗಿನ ನೀರು ಹೊರಹೋಗುವ ಮೂಲೆ (ಆಂಗಲ್) ದಿಢೀರನೆ ಮುಚ್ಚಿ ಪ್ರೆಶರ್ ಏರುವ ಗ್ಲಾಕೋಮಾ ಸಾಮಾನ್ಯವಾಗಿ ಒಂದು ಕಣ್ಣಿಗೆ ಬರುತ್ತದೆ, ಅದೂ ವಯಸ್ಸಾದವರಲ್ಲಿ. ಇಲ್ಲಿ ಎರಡೂ ಕಣ್ಣು ಒಟ್ಟಿಗೆ, ಜೊತೆಗೆ ರಾತ್ರೋರಾತ್ರಿ ಮೈನಸ್ 5 ನಂಬರು. ಯಾವ ಮಾತ್ರೆ ತಗೋತೀರಿ ಎಂದರೆ "ಏನೂ ಇಲ್ಲ" ಅಂದರು. "ತೂಕಕ್ಕೆ?" ಎಂದಾಗ ಪರ್ಸಿನಿಂದ ಸ್ಟ್ರಿಪ್ ಹೊರಬಂತು: ಟೋಪಿರಮೇಟ್, ಶುರು ಮಾಡಿ 11 ದಿನ. ಮೂರ್ಛೆರೋಗಕ್ಕೂ ಮೈಗ್ರೇನಿಗೂ ಕೊಡುವ ಈ ಔಷಧ ಹಸಿವನ್ನೂ ಕುಗ್ಗಿಸುತ್ತದೆ. ಅಮೆರಿಕದಲ್ಲಿ ಫೆಂಟರ್ಮಿನ್ ಎಂಬ ಹಸಿವು ತಗ್ಗಿಸುವ ಔಷಧದ ಜೊತೆ ಬೆರೆಸಿ ತೂಕ ಇಳಿಸಲೆಂದೇ 2012ರಲ್ಲಿ ಒಪ್ಪಿಗೆ ಪಡೆದಿದೆ.

ಅಪರೂಪಕ್ಕೆ ಕೆಲವರಲ್ಲಿ ಇದರಿಂದ ಲೆನ್ಸನ್ನು ಹಿಡಿದಿಡುವ ಸಿಲಿಯರಿ ಬಾಡಿ ಊದಿ, ಅದರ ಹಿಂದೆ ನೀರು ಸೇರಿ, ಲೆನ್ಸ್ ಮತ್ತು ಐರಿಸ್ (ಪಾಪೆಯ ಸುತ್ತಲಿನ ಬಣ್ಣದ ಪರದೆ) ಎರಡನ್ನೂ ಮುಂದಕ್ಕೆ ತಳ್ಳುತ್ತದೆ. ದೂರದ ನೋಟ ಮಸುಕಾಗುವುದೂ, ನೀರು ಹೊರಹೋಗುವ ದಾರಿ ಮುಚ್ಚುವುದೂ ಅದರಿಂದಲೇ. ಬಿ-ಸ್ಕ್ಯಾನಿನಲ್ಲಿ (ಕಣ್ಣಿನ ಅಲ್ಟ್ರಾಸೌಂಡ್) ಆ ನೀರು ಕಂಡಿತು.

ಮಾಮೂಲಿ ಗ್ಲಾಕೋಮಾ ಎಂದುಕೊಂಡು ಪಾಪೆ ಕುಗ್ಗಿಸುವ ಪೈಲೋಕಾರ್ಪಿನ್ ಹನಿ ಹಾಕಿದ್ದರೆ ಲೆನ್ಸ್ ಇನ್ನಷ್ಟು ಮುಂದೆ ಸರಿದು ಸ್ಥಿತಿ ಇನ್ನೂ ಕೆಡುತ್ತಿತ್ತು. ಲೇಸರಿನಿಂದ ಐರಿಸಿನಲ್ಲಿ ರಂಧ್ರ ಮಾಡಿದರೂ ಉಪಯೋಗವಿರಲಿಲ್ಲ. ಮಾತ್ರೆ ಬರೆದ ವೈದ್ಯರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಆಕೆಗೆ ಮೂರ್ಛೆಯ ಇತಿಹಾಸ ಇರಲಿಲ್ಲ, ಹಾಗಾಗಿ ಮಾತ್ರೆ ಅಂದೇ ನಿಲ್ಲಿಸಿದೆವು. ಪಾಪೆ ಹಿಗ್ಗಿಸುವ ಅಟ್ರೋಪಿನ್, ಪ್ರೆಶರಿಗೆ ಟಿಮೊಲಾಲ್ ಹನಿ ಕೊಟ್ಟೆ. ಮಧ್ಯೆ ದಿನವೂ ಕರೆಸಿ ನೋಡುತ್ತಿದ್ದೆ. 5ನೇ ದಿನ ಎರಡೂ ಕಡೆ 16.

ಈಗ ತೂಕ ಇಳಿಸುವ ಸೆಮಾಗ್ಲುಟೈಡ್ ಇಂಜೆಕ್ಷನ್ ಬಗ್ಗೆ ಕೇಳುವವರು ಹೆಚ್ಚು. ಅದರ ವಿಷಯ ಬೇರೆ. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ ಎಚ್ಚರಿಸಿದ್ದು ಪ್ರೆಶರ್ ಬಗ್ಗೆ ಅಲ್ಲ, ಕಣ್ಣಿನ ನರಕ್ಕೆ ರಕ್ತ ನಿಲ್ಲುವ ಅತಿ ವಿರಳ ತೊಂದರೆಯ ಬಗ್ಗೆ.

ನಮ್ಮ ಕೇಸ್ ಪೇಪರಿನಲ್ಲಿ ಈಗ ಶುಗರ್, ಬಿಪಿ ಕೆಳಗೆ ಇನ್ನೊಂದು ಸಾಲು ಸೇರಿಸಿದ್ದೇನೆ: "ತೂಕ ಇಳಿಸಲು ಮಾತ್ರೆ, ಪುಡಿ, ಇಂಜೆಕ್ಷನ್?"